ಮಂಡಿಯ ಚುಕ್ಕಿ

ಅಲ್ಲಾಡುತ್ತಿದೆ, ಮತ್ತೆ ಅಲ್ಲಾಡುತ್ತಿದೆ ಆ ಚುಕ್ಕಿ, ಪರದೆಯ ಮೇಲೆ ನನಗೆ ಮುಖವಿಲ್ಲ, ಮೀಸೆಯಿಲ್ಲ, ಕ್ಯಾಮರಾ ಗುರುತಿಸಲೆಂದು ಮೈಗೆ ಅಂಟಿಸಿದ ಪುಟ್ಟ ಗುಂಡುಗಳೆಲ್ಲ ಬಿಳಿ ಚುಕ್ಕಿಗಳಾಗಿ ನಿಂತಿವೆ, ಭುಜದವು ನೆಟ್ಟಗಿವೆ, ಸೊಂಟದವು ನೆಟ್ಟಗಿವೆ, ಬಲ ಮಂಡಿಯದೊಂದೇ ಕಾದ ಹೆಂಚಿಗೆ ಬಿದ್ದ ನೀರಿನ ಹನಿಯ ಹಾಗೆ ಕುಣಿಯುತ್ತಿದೆ — ಯಾರೂ ನೋಡದಿರಲಿ ದೇವರೇ — ನೋಡಿಯೇಬಿಟ್ಟಳು, ಕ್ಯಾಮರಾ ತಂದಿರುವ ಕರುಣಾ ಮೇಡಂ, ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಗ್ಗಿದ್ದಾಳೆ, ಯತೀಶಣ್ಣ ಹಂಗೇ ಕಾಲು ಬಗ್ಗಿಸ್ಕೊಂಡು ನಿಂತಿರಿ, ಮಂಡಿ ಹತ್ರ ಏನೋ ನಡುಗ್ತಾ ಇದೆ, ಟೈಮ್‌ಕೋಡ್ ಸರಿಯಾಗಿ ಕೂತಿಲ್ಲ ಅನ್ಸತ್ತೆ. ಸರಿಯಾಗಿ ಕೂತಿಲ್ಲದ್ದು ನನ್ನ ಮಂಡಿಚಿಪ್ಪು, ತಾಯಿ, ಹೋದ ತಿಂಗಳು ಉಳವಿಯ ಹತ್ತಿರ ಕುರಿಮರಿಯನ್ನು ಹೆಗಲಿಗೇರಿಸಿಕೊಂಡು ಕಾಲುವೆ ದಾಟುವಾಗ ಜಾರಿಬಿದ್ದೆ, ಮರಿ ಉಳಿಯಿತು, ಮಂಡಿಯೊಳಗೆ ಏನೋ ಕಳಕ್ ಎಂದಿತು, ಅಂದಿನಿಂದ ಮಂಡಿ ಬಗ್ಗಿಸಿ ನಿಂತರೆ ಸಾಕು, ಒಳಗೇ ನಡುಕ, ಕಣ್ಣಿಗೆ ಕಾಣುವುದಿಲ್ಲ, ಹೆಂಡತಿ ಹನುಮಮ್ಮ ಎಣ್ಣೆ ತಿಕ್ಕುವಾಗ ಅವಳ ಅಂಗೈಗೆ ಮಾತ್ರ ಗೊತ್ತಾಗುತ್ತದೆ, ಅವಳೇ ಅಂದಳು, ಹುಚ್ಚರಾಯಪ್ಪಣ್ಣಂಗೆ ಹೇಳ್ರೀ, ಬುಡಕ್ಕೆ ಬೇರೇರನ್ನ ನಿಲ್ಸ್ಲಿ, ತುದೀಲಿ ನಿಲ್ಲೋಳು ನಿಮ್ಮ ಮಗಳೇ ಅಲ್ಲೇನ್ರೀ — ಹೂಂ ಅಂದೆ, ಹೇಳಲಿಲ್ಲ. ಹೇಗೆ ಹೇಳಲಿ, ನಮ್ಮೂರು ಹೊಸಬಾಳೆಯಲ್ಲಿ ಕುರಿ ಕಾಯುವವರು ಬೇಕಾದಷ್ಟು ಜನ, ಒಬ್ಬರ ಹೆಗಲ ಮೇಲೊಬ್ಬರು ನಿಂತು ಕಟ್ಟುವ ಡೊಳ್ಳಿನವರ ಗೋಪುರಕ್ಕೆ ಬುಡ ಅಂದರೆ ಯತೀಶ, ಆ ಹೆಸರೂ ಹೋದರೆ ನನಗೆ ಉಳಿಯುವುದೇನು.

ಹೆದರಿಕೆಯಾಗುತ್ತಿದೆ, ಹೌದು, ಈ ಬಿಗಿ ಕರಿ ಉಡುಪಿನೊಳಗೆ ಬೆವರು ಬೆನ್ನಗುಂಟ ಇಳಿಯುತ್ತಿದೆ, ಬೆಳಿಗ್ಗೆ ಇದನ್ನು ತೊಟ್ಟಾಗ ತಂಡದ ಯಜಮಾನ ಹುಚ್ಚರಾಯಪ್ಪಣ್ಣ ನಕ್ಕಿದ್ದ, ಉಣ್ಣೆ ಕತ್ತರಿಸಿದ ಟಗರು ಆಗೀಯಲ್ಲೋ ಯತೀಶ, ನಾನೂ ನಕ್ಕೆ, ಈ ಕ್ಯಾಮರಾಗಳು ಏನೇನು ನೋಡುತ್ತವೆ ಎಂದು ಆಗ ಗೊತ್ತಿರಲಿಲ್ಲ. ಶಿಕಾರಿಪುರದ ಈ ಕಾಲೇಜು ಸಭಾಂಗಣದ ಸುತ್ತ ಗೋಡೆಗೆ ಅವನ್ನು ಕಟ್ಟಿದ್ದಾರೆ, ನಮ್ಮ ಕುಣಿತವನ್ನು ಕಂಪ್ಯೂಟರಿನ ಗೊಂಬೆಗಳಿಗೆ ಕಲಿಸಲಿಕ್ಕಂತೆ, ಒಂದೊಂದೂ ಸೆಕೆಂಡಿಗೆ ನೂರು ಸಲ ನೋಡುತ್ತದಂತೆ, ಸೊಸೆಯ ಮೇಲಿಟ್ಟ ಅತ್ತೆಯ ಕಣ್ಣೂ ಅಷ್ಟು ನೋಡುವುದಿಲ್ಲ. ಸಿಕ್ತು ಸಿಕ್ತು, ಎನ್ನುತ್ತಾಳೆ ಕರುಣಾ ಮೇಡಂ, ಸ್ಟ್ಯಾಂಡ್ ಮೇಲಿನ ವಿಡಿಯೋ ಕ್ಯಾಮರಾ ಮೂವತ್ತಕ್ಕಿದೆ, ಇಪ್ಪತ್ತೈದಕ್ಕೆ ಇರ್ಬೇಕಿತ್ತು — ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಹಿಡಿದರೆ ಗೋಡೆಯವುಗಳ ನಾಲ್ಕು ನೋಟಕ್ಕೆ ಇದರದೊಂದು ಚಿತ್ರ, ಲೆಕ್ಕ ಕೂಡುತ್ತದಂತೆ, ಒಂದು ಡಬ್ಬಿಯಿಂದ ಎಲ್ಲಕ್ಕೂ ಒಂದೇ ಗಡಿಯಾರದ ಸಮಯ ಹೋಗುತ್ತದೆ, ಅದೇ ಟೈಮ್‌ಕೋಡ್, ತಾಳದವನು ಹಾಕಿದ ಲೆಕ್ಕಕ್ಕೆ ನಮ್ಮ ಡೊಳ್ಳುಗಳೆಲ್ಲ ಹೋಗುವುದಿಲ್ಲವೇ, ಹಾಗೆ. ಸರಿ ಮಾಡಬೇಡ ತಾಯಿ, ಸಂಜೆಯವರೆಗೂ ಹುಡುಕುತ್ತಿರು, ಕರೆಂಟಾದರೂ ಹೋಗಲಿ, ಆ ಡಬ್ಬಿಯಾದರೂ ಸುಟ್ಟುಹೋಗಲಿ — ಸರಿ ಮಾಡಿಬಿಟ್ಟಳು. ಚಪ್ಪಾಳೆ ತಟ್ಟಿಸಿ ನೋಡಿದಳು, ಚಿತ್ರದ ಕೈಯೂ ಚುಕ್ಕಿಯ ಕೈಯೂ ಒಟ್ಟಿಗೇ ತಟ್ಟಿದವು, ಪರದೆಯ ಮೂಲೆಯಲ್ಲಿ ಅಂಕಿಗಳು ಒಂದೇ ಸಮನೆ ಓಡಿದವು, ಮಂಡಿ ಮಾತ್ರ ನಡುಗಿತು. ಗುಂಡು ಸಡಿಲ ಆಗಿರ್ಬೇಕು ಎಂದು ಕಿತ್ತು ಹೊಸ ಅಂಟು ಹಚ್ಚಿದಳು, ಅವಳ ಬೆರಳು ಮಂಡಿಗೆ ತಾಗಿತು, ಈಗ ಕೇಳುತ್ತಾಳೆ, ಕೇಳಿದರೆ ಹೇಳಿಬಿಡುತ್ತೇನೆ, ಕೇಳಲಿ — ಎದ್ದು ನಿಂತಳು, ಪರವಾಗಿಲ್ಲ ಬಿಡಿ ಅಣ್ಣ, ಮಿಷಿನ್ದೇ ತೊಂದ್ರೆ, ಆ ನಡುಕನ ಆಮೇಲೆ ಕಂಪ್ಯೂಟರಲ್ಲೇ ಅಳಿಸ್ಬಹುದು. ಅಳಿಸಬಹುದಂತೆ.

ಹುಚ್ಚರಾಯಪ್ಪಣ್ಣ ಸೀಟಿ ಊದಿದ, ಬುಡದ ಮೂವರೂ ಹೆಗಲಿಗೆ ಹೆಗಲು ಕೊಟ್ಟು ಮಂಡಿ ಬಗ್ಗಿಸಿದೆವು, ಮುಂದಿನವನು ನಾನು, ಕೆಳಗೆ ಬರೀ ಸಿಮೆಂಟು, ಹಾಸಿದ್ದ ಗಾದಿಯನ್ನು ತೆಗೆಸಿದ್ದಾರೆ, ಅದರ ರೆಕ್ಸಿನ್ ಹೊಳೆದು ಕ್ಯಾಮರಾಕ್ಕೆ ಇಲ್ಲದ ಚುಕ್ಕಿ ಕಾಣುತ್ತದಂತೆ, ನಡು ಅಂತಸ್ತಿನ ಈಶ್ವರ್ ನನ್ನ ಹೆಗಲೇರಿ ನಿಂತ, ಮಂಡಿಯೊಳಗೆ ಸೂಜಿ ಚುಚ್ಚಿದ ಹಾಗಾಯಿತು, ಹೇಳು, ಈಗಲಾದರೂ ಹೇಳು, ಡೊಳ್ಳು ಬಿಗಿದುಕೊಂಡು ರೋಜಾ ಬಂದಳು, ನನ್ನ ಮಗಳು, ನೆತ್ತಿಯ ಮೇಲೂ ಒಂದು ಬಿಳಿ ಗುಂಡು, ಅವಳ ಮೊದಲ ಹೆಜ್ಜೆ ಯಾವಾಗಲೂ ನನ್ನ ಬಲ ತೊಡೆಯ ಮೇಲೆ, ಇಟ್ಟಳು, ಇಟ್ಟವಳು ಹಾಗೇ ನಿಂತಳು, ಅಂಗಾಲಿಗೆ ತಿಳಿಯಿತು — ಹನುಮಮ್ಮನ ಮಗಳಲ್ಲವೇ — ಕಿವಿಯ ಹತ್ತಿರ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ, ಅಪ್ಪ, ಮಂಡಿ ನಡುಗ್ತಾ ಐತೆ. ಇಳಿ ಅನ್ನಬೇಕು, ಇಳಿ ಮಗಳೇ, ಅಷ್ಟೇ ಮಾತು, ಬಾಯಿ ತೆರೆಯಿತು, ನನ್ನ ಬಾಯೇ, ನನ್ನ ದನಿಯೇ, ಮಿಷಿನ್ದು ಕಣವ್ವ, ಹತ್ತು. ನಂಬಿದಳು. ನನ್ನ ಹೆಗಲು ಹಿಡಿದಳು, ಈಶ್ವರನ ಕೈ ಹಿಡಿದಳು, ಮೇಲೆ ಹೋದಳು, ಒಂದೊಂದು ಹೆಜ್ಜೆಗೂ ಅವಳ ಭಾರ ನನ್ನೊಳಗೆ ಇಳಿಯಿತು, ಕತ್ತೆತ್ತಿ ನೋಡುವಂತಿಲ್ಲ, ಎದುರಿಗೆ ಪರದೆಯೊಂದೇ, ಎಲ್ಲಕ್ಕಿಂತ ಮೇಲೆ ಒಂದು ಚುಕ್ಕಿ ಬಂದು ನಿಂತಿತು, ರೋಜಾಳ ನೆತ್ತಿ, ಕೆಳಗೆ ಮಂಡಿ ನಡುಗುತ್ತಿದೆ, ನಡುವೆ ಈಶ್ವರನ ಸೊಂಟ ನಡುಗುತ್ತಿದೆ, ಮೇಲೆ ಆ ಚುಕ್ಕಿ — ಇಲ್ಲ, ಅದು ನೆಟ್ಟಗಿದೆ, ನೆಟ್ಟಗಿತ್ತು, ಈಗ ಅದೂ ಅಲ್ಲಾಡುತ್ತಿದೆ, ಅವಳ ನೆತ್ತಿಯ ಚುಕ್ಕಿ, ನನ್ನ ಮಗಳ ನೆತ್ತಿಯ ಚುಕ್ಕಿ —