ಹಳೇ ಹೆಪ್ಪು

ನಲವತ್ತನೆಯ ಸಲವೂ ಬಂತು. ಪರೀಕ್ಷೆಗೆಂದು ಮಾಡಿದ ಗಾಜಿನ ಮಿದುಳಿನ ಕವಲಿನಲ್ಲಿ ಕಚ್ಚಿಕೊಂಡಿದ್ದ ರಕ್ತದ ಹೆಪ್ಪು ಕೊಳವೆಯ ಮೂತಿಗೆ ಗಪ್ಪನೆ ಅಂಟಿ, ಬೈಸಿಕೊಂಡ ಮಗುವಿನಂತೆ ತೆಪ್ಪಗೆ ಹಿಂದೆ ಬಂತು.

"ಬಂತಾ?" ಎಂದು ಪಕ್ಕದ ಕೋಣೆಯಿಂದ ಯಾರೋ ಕೂಗಿದರು. ಆ ಕಾರ್ಖಾನೆಯಲ್ಲಿ ಕುಶಲ ಕೇಳುವುದೂ ಅದೇ ಮಾತಿನಲ್ಲಿ, ಜಗಳ ತೆಗೆಯುವುದೂ ಅದೇ ಮಾತಿನಲ್ಲಿ.

"ಬಂತು," ಎಂದ ಮೂತಿರಾಯ. ಎಂದವನೇ ಪಂಪಿನ ಕಡೆ ದುರುಗುಟ್ಟಿ ನೋಡಿದ.

ಲಕ್ವ ಹೊಡೆದವರ ತೊಡೆಯ ರಕ್ತನಾಳದಲ್ಲಿ ತೂರಿಸಿ, ಎದೆ ದಾಟಿಸಿ, ಮಿದುಳಿನವರೆಗೆ ಹತ್ತಿಸಿ, ಅಲ್ಲಿ ಅಡ್ಡ ಕೂತ ಹೆಪ್ಪನ್ನು ಹೀರಿ ಎಳೆಯುವ ಕೊಳವೆ ಅದು. ಅದರ ತುದಿಯ ಅರ್ಧ ಸೆಂಟಿಮೀಟರನ್ನು ರೂಪಿಸುವುದು ಅವನ ಕೆಲಸ. ಆ ಅರ್ಧ ಸೆಂಟಿಮೀಟರಿಗೆ ಅವನು ಸುರಿದ ಬುದ್ಧಿಯಲ್ಲಿ ಮೂರು ಸಮುದ್ರಗಳಿಗೆ ಸೇತುವೆ ಕಟ್ಟಬಹುದಿತ್ತು. ಆನೆಯ ಸೊಂಡಿಲು ಕಂಡರೂ ಒಳಅಳತೆ ಎಷ್ಟಿರಬಹುದು ಎನ್ನುವವನು. ಇನ್ನು ಅನುಮಾನದಲ್ಲಂತೂ ಹದಿನಾಲ್ಕು ಲೋಕದಲ್ಲಿ ಅವನಿಗೆ ಜೋಡಿಯಿಲ್ಲ, ತನ್ನ ನೆರಳು ಹಿಂದೆ ಬಂದರೂ "ಯಾಕೆ?" ಎಂದು ತಿರುಗಿ ಕೇಳುವ ಜಾತಿ. ಅಂಥವನಿಗೆ ನಲವತ್ತಕ್ಕೆ ನಲವತ್ತು ಗೆಲುವು ಸಿಕ್ಕರೆ ಅನ್ನ ಗಂಟಲಲ್ಲಿ ಇಳಿಯುತ್ತದೆಯೇ?

ಪಂಪನ್ನು ಬಿಚ್ಚಿ ನೋಡಿದ. ನೀರಿನ ಬಿಸಿ ನೋಡಿದ. ಗಾಜಿನ ನಾಳಗಳಲ್ಲಿ ಯಾರಾದರೂ ಎಣ್ಣೆ ಸವರಿದ್ದಾರೆಯೇ ಎಂದು ಮೂಸಿಯೂ ನೋಡಿದ. ಕೊನೆಗೆ ಉಳಿದವಳು ಒಬ್ಬಳೇ: ಹೆಪ್ಪಮ್ಮ. ದನದ ರಕ್ತಕ್ಕೆ ಅದನ್ನೂ ಇದನ್ನೂ ಬೆರೆಸಿ, ಮೊಸರಿಗೆ ಹೆಪ್ಪು ಹಾಕುವಷ್ಟೇ ನಿರಾಳವಾಗಿ ಪರೀಕ್ಷೆಯ ಹೆಪ್ಪುಗಳನ್ನು ಮಾಡಿಕೊಡುವ ಹಿರಿಯಳು. ಮೂರು ವರ್ಷದ ಹಿಂದೆ ಅವನ ಸ್ವಂತ ಅಣ್ಣನಿಗೇ ಲಕ್ವ ಹೊಡೆದು, ಅವನೇ ಮಾಡಿದ ಹಳೆಯ ಮೂತಿ ಆ ಹೆಪ್ಪನ್ನು ಅರ್ಧಕ್ಕೆ ತಂದು ಕೈಬಿಟ್ಟಾಗ ಮನೆಯವರಿಗಿಂತ ಹೆಚ್ಚು ಅತ್ತವಳು. ಪಾಪ ಎಂದುಕೊಂಡು ಮೆತ್ತನೆಯದನ್ನೇ ಕೊಡುತ್ತಿದ್ದಾಳೆ, ಇನ್ನೇನು! ಮೂರು ಗಂಟೆಗೆ ಯಜಮಾನರು ಒಪ್ಪಿಗೆಯ ಸಹಿ ಹಾಕುತ್ತಾರೆ. ಆಮೇಲೆ ಈ ಮೂತಿ ಹೋಗುವುದು ಗಾಜಿನ ತಲೆಗಲ್ಲ, ನಿಜವಾದ ತಲೆಗಳಿಗೆ.

ಅವನು ಅವಳ ಕೋಣೆಯ ಬಾಗಿಲಿನ ಗಾಜಿಗೆ ಮೂಗು ಒತ್ತಿ ನಿಂತ.

"ಕದ್ದು ನೋಡೋದ್ಯಾಕೆ, ಒಳಗೆ ಬನ್ನಿ," ಎಂದಳು ಹೆಪ್ಪಮ್ಮ, ತಲೆ ಎತ್ತದೆ. "ಇಲ್ಲಿ ಗುಟ್ಟೇನೂ ಇಲ್ಲ. ಬರೀ ರಕ್ತ."

"ಹೆಪ್ಪಮ್ಮ, ನನ್ನ ಮೇಲೆ ಕನಿಕರಪಟ್ಟು ಮೆತ್ತಗೆ ಮಾಡ್ತಿದ್ದೀರಾ?"

"ಕನಿಕರಾನಾ? ನಿಮ್ಮ ಮೇಲಾ? ಮೊನ್ನೆ ನನ್ನ ಟೀ ಲೋಟಕ್ಕೆ ಥರ್ಮಾಮೀಟರ್ ಇಳಿಬಿಟ್ರಲ್ಲ, ಇದ್ದ ಚೂರುಪಾರೂ ಅವತ್ತೇ ಖಾಲಿ ಆಯ್ತು."

"ಹಾಗಾದ್ರೆ ಗಟ್ಟಿ ಹೆಪ್ಪು ಬೆಣ್ಣೆ ಥರ ಯಾಕೆ ಬರುತ್ತೆ?"

"ಗಟ್ಟೀದಾ?" ಅವಳ ಕೈ ನಿಂತಿತು. "ಗಟ್ಟೀದನ್ನ ನೀವು ಯಾವತ್ತು ತಗೊಂಡು ಹೋದ್ರಿ? ಆ ಡಬ್ಬಿ ಮುಟ್ಟೇ ಇಲ್ಲ. ಸುಲಭದ್ದರಲ್ಲೇ ಗೆದ್ದು ಸಹಿ ಹಾಕಿಸ್ಕೊಳ್ಳೋ ಹುನ್ನಾರ ಇರಬೇಕು ಅಂತ ನಾನೂ ಎಣಿಸ್ತಾ ಕೂತಿದ್ದೆ."

ಅವನು ಫ್ರಿಜ್ಜಿನ ಬಾಗಿಲು ಕಿತ್ತುಬರುವಂತೆ ತೆರೆದ. ಎರಡು ಡಬ್ಬಿಗಳು. ಅವಳ ದುಂಡನೆಯ ಅಕ್ಷರದಲ್ಲಿ ಒಂದರ ಮೇಲೆ 'ಹಳೇದು', ಇನ್ನೊಂದರ ಮೇಲೆ 'ಹೊಸದು'.

"ದಿನಾ ಹಳೇದನ್ನೇ ತಗೊಂಡಿದ್ದೀನಲ್ಲ! ಹಳೇದಾದಷ್ಟೂ ಹೆಪ್ಪು ಗಟ್ಟಿ. ನಿನ್ನೆ ಮೊನ್ನೆ ಕಟ್ಟಿದ ಎಳಸನ್ನ ಎಳೆದು ಗೆದ್ರೆ ಅದು ಮೋಸ ಅಂತಾನೇ..."

"ಅಯ್ಯೋ ನಿಮ್ಮ! ಅದು ಹಳೇ ಹದ ಅಂತ ಬರೆದದ್ದು. ಮುಂಚಿನಿಂದ ಮಾಡೋ ಕೆಂಪು, ಮೆತ್ತಂದು. ಹೊಸ ಹದ ಅಂದ್ರೆ ಇದು." ಅವಳು ಎರಡನೆಯ ಮುಚ್ಚಳ ತೆರೆದಳು. ಒಳಗೆ ಬೆಳ್ಳಗೆ, ನಾರುನಾರಾಗಿ, ಹರಿದ ಚಪ್ಪಲಿಯ ಉಂಗುಟದಂಥ ತುಂಡುಗಳು. ಅವಳ ದನಿ ತಗ್ಗಿತು. "ನಿಮ್ಮ ಅಣ್ಣನಿಗೆ ಕೂತಿತ್ತಲ್ಲ, ಅಂಥದ್ದು."

ಇಬ್ಬರೂ ಆ ಡಬ್ಬಿ ಹಿಡಿದು ಗಾಜಿನ ಮಿದುಳಿನ ಮುಂದೆ ಬಂದು ನಿಂತರು. ಮೊದಲನೆಯದು ಮೂತಿಗೆ ಅಂಟಿತು, ಎರಡು ಬೆರಳಿನಷ್ಟು ದೂರ ಬಂತು, ತಿರುವಿನಲ್ಲಿ ಕಳಚಿಕೊಂಡಿತು. ಎರಡನೆಯದೂ ಅಲ್ಲೇ. ಮೂರನೆಯದು ಅಲ್ಲಾಡಲೇ ಇಲ್ಲ. ಐದಕ್ಕೆ ಐದೂ ಹಾಗೆಯೇ.

"ಬಂತಾ?" ಪಕ್ಕದ ಕೋಣೆ ಕೂಗಿತು.

ಗಡಿಯಾರದಲ್ಲಿ ಎರಡೂ ಮುಕ್ಕಾಲು. ಹೆಪ್ಪಮ್ಮ ಅವನ ಬಾಯನ್ನೇ ನೋಡುತ್ತಿದ್ದಳು, ಅವನು ಅವಳ ಟೀ ಲೋಟವನ್ನು ನೋಡಿದ್ದ ಹಾಗೆ.

"ಇಲ್ಲ!" ಎಂದ ಮೂತಿರಾಯ, ಕಿಟಕಿಯ ಗಾಜು ನಡುಗುವಂತೆ. ದಾಖಲೆ ಪುಸ್ತಕದಲ್ಲಿ ನಲವತ್ತು ಸಾಲಿಗೂ ಅಡ್ಡಗೀಟು ಎಳೆದು ಯಜಮಾನರ ಕೋಣೆಗೆ ಒಯ್ದ. ಯಜಮಾನರು ಬೈದ ಬೈಗುಳ ಏಳು ಬೀದಿಗೆ ಕೇಳಿಸಿತು. ಎಂಟನೆಯ ಬೀದಿಯಲ್ಲಿ ಯಾರೂ ಇರಲಿಲ್ಲ, ಅಷ್ಟೆ. ಸಹಿ ಬೀಳಲಿಲ್ಲ.

ಸಂಜೆ ಮನೆಗೆ ಬಂದಾಗ ಅಣ್ಣ ಎಂದಿನಂತೆ ಬಾಗಿಲಿಗೆದುರಾಗಿ ಕುರ್ಚಿಯಲ್ಲಿದ್ದ. ತಮ್ಮನ ಬಾಯಲ್ಲಿ ದಿನವೂ ಕೇಳಿ ಕೇಳಿ, ಅವನ ನಾಲಿಗೆಯಲ್ಲಿ ಇಡಿಯಾಗಿ ಉಳಿದದ್ದು ಅದೊಂದೇ ಮಾತು.

"ಬಂತಾ?"

ಆರು ವಾರದಿಂದ ಇದಕ್ಕೆ "ಬಂತಣ್ಣ" ಎಂಬ ಉತ್ತರವೇ ಸಿಕ್ಕಿತ್ತು.

"ಇಲ್ಲಣ್ಣ. ಬರಲಿಲ್ಲ."

ಅಣ್ಣ ಒಂದು ಹುಬ್ಬು ಏರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ, ಇವನು ಸುಳ್ಳು ಹೇಳುತ್ತಿದ್ದಾನೆ ಎಂಬಂತೆ. ಆಮೇಲೆ ಎಡಗೈಯಿಂದ ಲೋಟ ಹತ್ತಿರ ಎಳೆದುಕೊಂಡ. ಹಾಲಿನಲ್ಲಿ ಕಿವುಚಿದ ಬಾಳೆಹಣ್ಣು. ಸ್ಟ್ರಾ ಇಟ್ಟು ಹೀರತೊಡಗಿದ. ಅರ್ಧಕ್ಕೆ ಹಾಲು ನಿಂತಿತು. ತುದಿಗೆ ಬಾಳೆಹಣ್ಣಿನ ಒಂದು ಗಂಟು ಸಿಕ್ಕಿಕೊಂಡಿತ್ತು.

ತಮ್ಮ ಚಮಚಕ್ಕೆ ಕೈಚಾಚಿದ. ಅಣ್ಣ ತಲೆಯಾಡಿಸಿದ, ಬೇಡ. ಹೀರುವುದನ್ನು ಬಿಡಲಿಲ್ಲ. ಬಲಗೆನ್ನೆ ಜೋತುಬಿದ್ದೇ ಇತ್ತು, ಎಡಗೆನ್ನೆಯೊಂದೇ ಗುಳಿಬಿದ್ದು ಒಳಕ್ಕೆ ಹೋಗಿತ್ತು. ಹಾಗೆಯೇ ಸ್ಟ್ರಾವನ್ನು ತುಟಿಯಲ್ಲಿ ಕಚ್ಚಿ, ಮೆಲ್ಲಗೆ, ಬಲು ಮೆಲ್ಲಗೆ ತಲೆಯೆತ್ತಿದ. ತುದಿಯಲ್ಲಿ ಬಿಳಿಯ ಗಂಟು ತೂಗಾಡುತ್ತ ಲೋಟದ ಅಂಚು ದಾಟಿತು. ತಮ್ಮ ಉಸಿರು ಬಿಗಿಹಿಡಿದು ಅದರ ಕೆಳಗೆ ಬೊಗಸೆಯೊಡ್ಡಿದ.