ದೊಡ್ಡಮನೆಯ ಒಳಕೋಣೆ

ನೆರೆಯ ಗಂಡಸರು ತಾಯಿಯ ಹೆಣವಿದ್ದ ಹಗ್ಗದ ಮಂಚವನ್ನು ಹೊತ್ತು ತಂದು ಗಲ್ಲಿಯ ನೆರಳಿಗೆ ಇಳಿಸಿದ ಮೇಲೆ ಜೇನಾ, ಈಗ ಮ್ಯೂಸಿಯಂ ಆಗಿರುವ ದೊಡ್ಡಮನೆಯ ಬಾಗಿಲು ಬಡಿದಳು.

ಬಾಗಿಲು ತೆಗೆದವನು ಮ್ಯೂಸಿಯಮ್ಮಿನ ಮೇಲ್ವಿಚಾರಕ ಅಥ್ಮಾನ್. ಅವನ ಹಿಂದೆ ಗಚ್ಚಿನಲ್ಲಿ ಕೆತ್ತಿದ ಗೂಡುಗಳು, ಅವುಗಳಲ್ಲಿ ಚೀನಾದ ತಟ್ಟೆಗಳು, ಯಾರೂ ಮಲಗದ ಮಂಚಗಳು. ಮೂವತ್ತೊಂದು ವರ್ಷ ಅವುಗಳ ಧೂಳು ಒರೆಸಿದ, ಊರವರು ಗೌರವದಿಂದ ಬಿ ಕೊಂಬೊ ಎನ್ನುತ್ತಿದ್ದ ಜೇನಾಳ ತಾಯಿ ಬೆಳಗಿನ ನಮಾಜಿನ ಹೊತ್ತಿಗೆ ತೀರಿಕೊಂಡಿದ್ದಳು.

"ಒಳಕೋಣೇಲಿ ಅಮ್ಮನ ಮೈ ತೊಳೀಬೇಕು," ಎಂದಳು ಜೇನಾ.

"ಮನೇಲೇ ಆಗಲ್ವಾ?"

"ಮಂಚ ಇಟ್ರೆ ನಮ್ಮ ಬಾಗಿಲು ಹಾಕಕ್ಕಾಗಲ್ಲ."

"ಮೇಲಿನೋರನ್ನ ಕೇಳ್ಬೇಕಮ್ಮ. ಸೋಮವಾರದ ತನಕ ಕಚೇರಿ ಇಲ್ಲ."

"ಸೋಮವಾರ ಬರೋಕೆ ಅವಳು ಪ್ರವಾಸಿಯೇನಪ್ಪಾ?" ಎಂದಳು ಜೊತೆಗೆ ಬಂದಿದ್ದ ನೆರೆಮನೆಯ ಮುದುಕಿ ಬಿ ತೀಮಾ.

*

ನಾಲ್ಕು ವರ್ಷದ ಹಿಂದೆ ಜೇನಾ ತಾಯಿಗೆ ಬುತ್ತಿ ತಂದಿದ್ದಳು. ಅಥ್ಮಾನ್ ಒಳಕೋಣೆಯ ಮುಂದೆ ಕಟ್ಟಿದ ಹಗ್ಗದ ಬಳಿ ನಿಂತು ಬಂದವರಿಗೆ ವಿವರಿಸುತ್ತಿದ್ದ: "ಹೆರಿಗೆ ಇಲ್ಲೇ. ಸತ್ತವರನ್ನು ತೊಳೆಯುತ್ತಿದ್ದುದೂ ಇಲ್ಲೇ."

"ಮನೆಯೋರನ್ನ ಮಾತ್ರ ಅನ್ನಪ್ಪಾ," ಎಂದಳು ಕೊಂಬೊ, ಪೊರಕೆ ನಿಲ್ಲಿಸದೆ. "ನಮ್ಮಜ್ಜಿ ಈ ಮನೆಯೋರು ದುಡ್ಡು ಕೊಟ್ಟು ಕೊಂಡು ತಂದ ಆಳು. ಅವಳನ್ನ ಹಿತ್ತಲಲ್ಲಿ ತೊಳೆದ್ರು. ಆಗ ಸಣ್ಣೋಳು ನಾನು, ಹತ್ರ ಬರೋ ಕೋಳಿ ಓಡಿಸೋ ಕೆಲಸ ನಂದು."

ಮನೆಗೆ ಮರಳುವ ದಾರಿಯಲ್ಲಿ ಜೇನಾ ಕೇಳಿದ್ದಳು, "ನಿಂಗೆ ಆ ಕೋಣೆ ಬೇಕಾ ಅಮ್ಮ?"

"ನಂಗ್ಯಾಕೆ," ಎಂದು ಕೊಂಬೊ ಖಾಲಿ ಬುತ್ತಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. "ನೆಲ ಮಾತ್ರ ತಂಪಾಗಿದೆ ನೋಡು."

*

"ಆ ದಿನ ಹಗ್ಗದ ಹತ್ರ ಅಮ್ಮ ಹೇಳಿದ್ದು ನೆನಪಿದ್ಯಾ?" ಜೇನಾ ಕೇಳಿದಳು.

ಅಥ್ಮಾನ್ ತಲೆ ತಗ್ಗಿಸಿದ. "ಅವತ್ತಿಂದ 'ಮನೆಯೋರು' ಅಂತಲೇ ಹೇಳ್ತಿದೀನಿ."

"ಹಾಗಾದ್ರೆ ಇವತ್ತು ಅವಳು ಯಾರು?"

ಅವನು ಬಾಗಿಲನ್ನು ಪೂರ್ತಿ ತೆರೆದ. ಒಳಗೆ ಹೋಗಿ ಹಗ್ಗ ಬಿಚ್ಚಿದ. ಮಂಚದ ಒಂದು ಕಾಲಿಗೆ ತಾನೇ ಕೈ ಕೊಟ್ಟ. ಹೆಣ ಒಳಕೋಣೆ ಸೇರಿದ ಮೇಲೆ, ಹೆಂಗಸರಿಗೆ ಜಾಗ ಬಿಟ್ಟು, ಹೊರಗೆ ಕಾಯುತ್ತಿದ್ದ ಗಂಡಸರ ಜೊತೆ ನಿಂತ.

ಬಿ ತೀಮಾ ಮೈ ಉಜ್ಜಿದಳು, ಜೇನಾ ನೀರು ಹೊಯ್ದಳು. ಬಲಗಡೆ ಮೊದಲು, ಆಮೇಲೆ ಎಡಗಡೆ. ಎಷ್ಟೋ ಕಾಲದಿಂದ ಒಣಗಿದ್ದ ನೆಲದ ಕಾಲುವೆ ಮೊದಲ ಚೊಂಬುಗಳನ್ನು ಹೀರಿಕೊಂಡಿತು. ಆಮೇಲೆ ತುಂಬಿ, ಗೋಡೆಯ ತೂತಿನಿಂದ ಗಲ್ಲಿಗೆ ಹರಿಯತೊಡಗಿತು.

ಗೋಡೆಯಾಚೆ ಮಾತು ನಿಂತಿತು. ಜೇನಾ ಕಿಂಡಿಯಿಂದ ಬಗ್ಗಿ ನೋಡಿದಳು. ಕರ್ಪೂರದ ವಾಸನೆಯ ನೀರು ಗಲ್ಲಿಯ ಇಳಿಜಾರಿನಲ್ಲಿ ಕಡಲ ಕಡೆ ಸಾಗುತ್ತಿತ್ತು. ಗಂಡಸರು ಚಪ್ಪಲಿ ಕೈಗೆತ್ತಿಕೊಂಡು, ಎರಡೂ ಬದಿಯ ಗೋಡೆಗಳಿಗೆ ಒತ್ತಿ ನಿಂತು, ಅದಕ್ಕೆ ದಾರಿ ಬಿಟ್ಟಿದ್ದರು.