ಬಿಚ್ಚಿದ ಗೆಜ್ಜೆ

ಗಂಡುಹುಡುಗನ ಕಾಲಿಗೆ ಗೆಜ್ಜೆ ಕಟ್ಟಿದ ತಾಯಿಯನ್ನು ಜನ ಸುಮ್ಮನೆ ಬಿಡುತ್ತಾರೆಯೇ? ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲೇ ಶುರುವಾಗಿತ್ತು. ಒಬ್ಬಳು ಏನು ಹರಕೆ ಎಂದು ಕೇಳಿದಳು. ಒಬ್ಬ ಮುದುಕ, ಹುಡುಗ ನಾಟಕದಲ್ಲಿ ಹೆಣ್ಣಿನ ಪಾರ್ಟು ಮಾಡುತ್ತಾನೇನು ಎಂದು ನಕ್ಕ. ಉತ್ತರ ಕೊಟ್ಟು ಕೊಟ್ಟು ವಿದ್ಯಾಶ್ರೀಗೆ ಸಾಕಾಗಿ ಹೋಗಿತ್ತು. ಆರು ವರ್ಷದ ಹೊನ್ನೇಶನಿಗೆ ಮಾತಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ, ಕೈ ಬಿಟ್ಟರೆ ಓಡುತ್ತಾನೆ. ಎತ್ತ ಓಡಿದ ಅಂತ ತಾಯಿಗೆ ಗೊತ್ತಾಗಬೇಕೋ ಬೇಡವೋ? ಅದಕ್ಕೆ ಗೆಜ್ಜೆ. ಇಷ್ಟು ಸರಳ ವಿಷಯ ಮಂದಿಗೆ ಹೊಳೆಯುವುದಿಲ್ಲ. ಅವರಿಗೆ ಹೊಳೆಯುವುದೆಲ್ಲ ಮತ್ತೊಬ್ಬರ ಮನೆಯ ಹರಕೆ, ಮತ್ತೊಬ್ಬರ ಮನೆಯ ಪಾಪ.

ವಾರಕ್ಕೊಮ್ಮೆ ಮಗನನ್ನು ಮಾತು ಕಲಿಸುವವರ ಹತ್ತಿರ ಗದಗಕ್ಕೆ ಕರೆದೊಯ್ಯುವುದು ಅವಳ ಪಾಡಾಗಿತ್ತು. ಗಂಡನಿಗೆ ಹೊಲದ ಕೆಲಸ, ಅತ್ತೆಗೆ ಮೊಣಕಾಲು ನೋವು. ಹೋಗುವವಳು ಇವಳೊಬ್ಬಳೇ. ಹೊನ್ನೇಶ ಹುಟ್ಟಿದಂದಿನಿಂದ ಒಂದು ಕಣ್ಣು ತೆರೆದೇ ಮಲಗಿದವಳು ಅವಳು.

ಶಿರಹಟ್ಟಿಯಲ್ಲಿ ಗಂಡ ಹೆಂಡತಿ ಇಬ್ಬರು ಹತ್ತಿದರು. ಗಂಡ ಉಡಚಪ್ಪ ಆಚೆ ಸೀಟಿನಲ್ಲಿ ಕಿಟಕಿಗೆ ಕುಳಿತ. ಹೆಂಡತಿ ಹನಮಂತವ್ವ ಗೆಜ್ಜೆ ನೋಡಿದವಳೇ ಬಂದು ವಿದ್ಯಾಶ್ರೀಯ ಪಕ್ಕ ಕುಳಿತಳು. ಹರಕೆಯ ಮಾತೆತ್ತಲಿಲ್ಲ, ನಗಲಿಲ್ಲ. ಹುಡುಗನನ್ನು ಬಹಳ ಹೊತ್ತು ನೋಡಿ ಮೆಲ್ಲಗೆ ಹೇಳಿದಳು:

"ನಮ್ಮ ಲೋಹಿತನೂ ಹಿಂಗನ. ಅವಗೂ ಕಟ್ಟಿದ್ನಿ."

ಅಷ್ಟು ಸಾಕಾಯಿತು. ಇಬ್ಬರಿಗೂ ಮಾತಿನ ಕಟ್ಟೆ ಒಡೆಯಿತು. ಲೋಹಿತ ಬಿಳಿ ಅನ್ನ, ಬಿಳಿ ಮೊಸರು ಬಿಟ್ಟು ಬೇರೆ ಮುಟ್ಟುವುದಿಲ್ಲವಂತೆ. ಹೊನ್ನೇಶನೂ ಹಾಗೇ, ಒಂದು ಸಾಸಿವೆ ಕಾಳು ಕಂಡರೂ ತಾಟು ದೂಡುತ್ತಾನೆ. ಲೋಹಿತನಿಗೆ ನಲ್ಲಿ ನೀರು ನೋಡುತ್ತ ನಿಂತರೆ ಜಗತ್ತೇ ಬೇಡ. ಹೊನ್ನೇಶನಿಗೂ. ಒಬ್ಬಳು ಶುರು ಮಾಡಿದ ಮಾತನ್ನು ಇನ್ನೊಬ್ಬಳು ಮುಗಿಸುತ್ತಿದ್ದಳು. ಏನನ್ನೂ ಬಿಡಿಸಿ ಹೇಳಬೇಕಾಗದ ಇಂಥ ಮಾತುಕತೆ ವಿದ್ಯಾಶ್ರೀಗೆ ಎಷ್ಟು ಹಾಯೆನಿಸಿತೆಂದರೆ, ನಗುನಗುತ್ತಲೇ ಅವಳ ಕಣ್ಣು ತುಂಬಿಬಂದವು. ಮಗ ಈಗ ಎಲ್ಲಿ ಎಂದು ಕೇಳಿದಳು. ಗದಗದಲ್ಲಿದ್ದಾನೆ, ಕರೆದುಕೊಂಡು ಬರಲು ಹೊರಟಿದ್ದೇವೆ ಎಂದಳು ಹನಮಂತವ್ವ. ಆಚೆ ಸೀಟಿನ ಉಡಚಪ್ಪ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಯಾವುದೋ ವಸತಿ ಶಾಲೆಯಲ್ಲಿ ಇಟ್ಟಿರಬೇಕು ಎಂದುಕೊಂಡಳು ವಿದ್ಯಾಶ್ರೀ.

ಹನಮಂತವ್ವ ಕೈಚಾಚಿದಳು. ಸ್ವಂತ ಅಜ್ಜಿಗೂ ಮೈಮುಟ್ಟಗೊಡದ ಹೊನ್ನೇಶ ಅವಳ ತೊಡೆಯೇರಿ ಬಳೆಗಳನ್ನು ತಿರುವುತ್ತ ಕುಳಿತುಬಿಟ್ಟ. ತೋಳು ಖಾಲಿಯಾದದ್ದೇ ತಡ, ವಿದ್ಯಾಶ್ರೀಯ ಕಣ್ಣು ಎಳೆಯತೊಡಗಿದವು. ನೀನು ಜರಾ ಮಲಗವ್ವಾ, ನಾನಿದ್ದೇನಲ್ಲ ಎಂದಳು ಹನಮಂತವ್ವ. ಇಷ್ಟು ವರ್ಷ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಅವಳು ನಿದ್ದೆ ಹೋದಳು.

ಎಚ್ಚರವಾದಾಗ ಬಸ್ಸು ನಿಂತಿತ್ತು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಕಣ್ಣಿಗಿಂತ ಮೊದಲು ಕಿವಿ ಹುಡುಕಿತು. ಗೆಜ್ಜೆಯ ಸಪ್ಪಳವಿಲ್ಲ.

ಹೇಗೆ ಇಳಿದಳೋ ಅವಳಿಗೇ ತಿಳಿಯದು. ಸೊರಟೂರಿನ ಹತ್ತಿರ ಗಾಲಿ ಪಂಕ್ಚರಾಗಿ ಜನ ಬೇವಿನ ಮರದ ನೆರಳಿಗೆ ಇಳಿದಿದ್ದರು. ಡ್ರೈವರ್ ಗಾಲಿ ಬಿಚ್ಚುತ್ತಿದ್ದ, ಉಡಚಪ್ಪ ಅವನಿಗೆ ಕೈಜೋಡಿಸಿದ್ದ. ಹನಮಂತವ್ವ ಕಾಣಲಿಲ್ಲ, ಮಗ ಕಾಣಲಿಲ್ಲ. ವಿದ್ಯಾಶ್ರೀ ಕಿರುಚಿಕೊಂಡು ಓಡಿದಳು. ಚಹಾದಂಗಡಿಯ ಹಿಂದೆ ಸೋರುವ ನೀರಿನ ಟಾಕಿಯ ಮುಂದೆ ಹೊನ್ನೇಶ ಮೈಮರೆತು ನಿಂತಿದ್ದ. ಅವನ ಅಂಗಿಯ ಚುಂಗನ್ನು ಹನಮಂತವ್ವ ಹಿಡಿದಿದ್ದಳು. ಅವಳ ಇನ್ನೊಂದು ಕೈಯಲ್ಲಿ ಗೆಜ್ಜೆ ಇತ್ತು.

ವಿದ್ಯಾಶ್ರೀ ಮಗನನ್ನು ಕಸಿದುಕೊಂಡು ಬಾಯಿಗೆ ಬಂದಂತೆ ಬೈದಳು. ಯಾಕೆ ಬಿಚ್ಚಿದೆ ಎಂದರೆ ಆ ಹೆಂಗಸು, ನಿಮಗೆ ಎಚ್ಚರಾಗಬಾರದು ಅಂತ ಬಿಚ್ಚಿದೆ, ಪಾಪ ದಣಿದಿದ್ದಿರಿ ಎನ್ನುತ್ತಾಳೆ!

"ಹಿಂಗ ಬಿಚ್ಚಿದ್ರ ಹುಡುಗೂರು ಕಳೀತಾವು, ಗೊತ್ತೈತೇನು ನಿಮಗ?"

"ಗೊತ್ತೈತಿ," ಎಂದಳು ಹನಮಂತವ್ವ. "ಹಂಗ ಕಳದ."

ಕೂಗು ಕೇಳಿ ಓಡಿಬಂದ ಉಡಚಪ್ಪ ಹೆಂಡತಿಯ ಕೈಯಲ್ಲಿದ್ದ ಗೆಜ್ಜೆ ನೋಡಿ ಇಬ್ಬರ ನಡುವೆ ಬಂದು ನಿಂತ. ಆಮೇಲೆ ಎಲ್ಲ ಅವನೇ ಹೇಳಿದ. ಮೂರು ವರ್ಷದ ಹಿಂದಿನ ಮಾತು. ಮುಂಡರಗಿಯಲ್ಲಿರುವ ನಾದಿನಿಯ ಮನೆಗೆ ಬಾಣಂತಿಯನ್ನು ನೋಡಲು ಹೋಗಿದ್ದರು. ಮಧ್ಯಾಹ್ನ ಬಾಣಂತಿಗೂ ಕೂಸಿಗೂ ಜೊಂಪು ಹತ್ತಿತ್ತು. ಅವರಿಗೆ ಎಚ್ಚರವಾದೀತೆಂದು ಹನಮಂತವ್ವ ಎಂಟು ವರ್ಷದ ಲೋಹಿತನ ಗೆಜ್ಜೆ ಬಿಚ್ಚಿಟ್ಟಳು. ಮುಂಬಾಗಿಲು ತೆರೆದಿತ್ತು. ಹುಡುಗ ಎದ್ದು ಹೋದದ್ದು ಯಾರಿಗೂ ಕೇಳಿಸಲಿಲ್ಲ. ಆ ಗೆಜ್ಜೆಯನ್ನು ಅವಳು ಬಾವಿಗೆ ಎಸೆದಳು. ಆದರೂ ಅದರ ಸಪ್ಪಳ ಅವಳನ್ನು ಬಿಟ್ಟಿಲ್ಲ. ಆಡಿನ ಕೊರಳಗಂಟೆ ಕೇಳಿದರೂ ಒಲೆಯ ಮುಂದಿನಿಂದ ಎದ್ದು ಅಂಗಳಕ್ಕೆ ಓಡುತ್ತಾಳೆ. ಗದಗದ ಪಕ್ಕದ ಬೆಟಗೇರಿಯ ಒಂದು ಆಶ್ರಮದಲ್ಲಿ ಮಾತಿಲ್ಲದ, ಹನ್ನೊಂದರ ಆಸುಪಾಸಿನ ಹುಡುಗನಿದ್ದಾನೆಂದು ನಿನ್ನೆ ಫೋನು ಬಂದಿತ್ತು. ಇಂಥ ಫೋನುಗಳು ಎಷ್ಟೋ ಬಂದಿವೆ.

ವಿದ್ಯಾಶ್ರೀ ಗೆಜ್ಜೆ ಕಿತ್ತುಕೊಂಡು ಮಗನ ಕಾಲಿಗೆ ಗಂಟಿನ ಮೇಲೆ ಗಂಟು ಹಾಕಿದಳು. ಬಸ್ಸು ಹೊರಟಾಗ ಹಿಂದಿನ ಸೀಟಿಗೆ ಹೋಗಿ ಕುಳಿತಳು. ಕನಿಕರ ಬರಲಿಲ್ಲ, ಸುಳ್ಳೇಕೆ ಹೇಳಬೇಕು? ಹೆದರಿಕೆ ಬಂತು. ಆ ಹೆಂಗಸಿನ ಹಣೆಬರಹ ಮುಟ್ಟಿದರೆ ಅಂಟುತ್ತದೇನೋ ಎಂಬ ಹೆದರಿಕೆ.

ಗದಗದಲ್ಲಿ ಇಳಿದ ಮೇಲೆ ಹನಮಂತವ್ವ ಅವಳ ಕಡೆಗೆ ಬಂದು ದೂರವೇ ನಿಂತಳು. ಹುಡುಗನ ಕಡೆ ಕೈಚಾಚಲಿಲ್ಲ.

"ಒಂದ್ ಸಲ ನಮ್ಮ ಕೂಡ ಬರ್ರಿ. ಮೂರು ವರ್ಷದಾಗ ಮುಖ ಬದಲಾಗಿರತೈತಿ, ಹೆಸರು ಹೇಳಾಕ ಅವಗ ಬಾಯಿಲ್ಲ. ಗೆಜ್ಜಿ ಸಪ್ಪಳ ಕೇಳಿದ್ರ ಗುರುತು ಹಿಡದಾನು."

ಆಗುವುದಿಲ್ಲ ಎನ್ನಲು ವಿದ್ಯಾಶ್ರೀಯ ಹತ್ತಿರ ಸಾವಿರ ಕಾರಣಗಳಿದ್ದವು. ಆದರೂ ಹೋದಳು.

ಬೆಟಗೇರಿಯ ಓಣಿಯಲ್ಲಿ ಮಗ್ಗದ ಸಪ್ಪಳಕ್ಕೆ ಹೊನ್ನೇಶ ಎರಡೂ ಕಿವಿ ಮುಚ್ಚಿಕೊಂಡ. ಆಶ್ರಮದ ಆಯಾ ಶಂಕ್ರೆವ್ವ ಹುಡುಗನನ್ನು ಅಂಗಳಕ್ಕೆ ಕರೆತಂದಳು. ಉದ್ದ ಕಾಲಿನ, ಸಣಕಲು ಹುಡುಗ. ನೋಡಿದೊಡನೆ ಉಡಚಪ್ಪ ಇವನಲ್ಲವೆಂದು ತಲೆಯಲ್ಲಾಡಿಸಿದ. ಲೋಹಿತನ ಹುಬ್ಬಿನ ಮೇಲೆ ಗಾಯದ ಕಲೆಯಿತ್ತು, ಇವನಿಗಿಲ್ಲ. ಕಲೆ ಮಾಯುವುದಿಲ್ಲವೇ ಎಂದು ಹನಮಂತವ್ವ ಜಗಳಕ್ಕೇ ನಿಂತಳು. ಆಮೇಲೆ ವಿದ್ಯಾಶ್ರೀಯ ಮುಖ ನೋಡಿದಳು.

ವಿದ್ಯಾಶ್ರೀ ಮಗನ ಕೈಹಿಡಿದು ಅಂಗಳದಲ್ಲಿ ಓಡಿಸಿದಳು. ಗೆಜ್ಜೆ ಝಲ್ಲೆಂದಿತು. ಹುಡುಗ ಗೋಡೆಯ ಸುಣ್ಣದ ಹಕ್ಕಳೆ ಕೀಳುತ್ತ ನಿಂತಿದ್ದವನು ನಿಂತೇ ಇದ್ದ. ಅವನ ಬೆನ್ನ ಹಿಂದೆಯೇ ಓಡಿಸಿದಳು. ಒಮ್ಮೆ ತಿರುಗೋ ಮಾರಾಯ, ಒಂದೇ ಒಂದು ಸಲ ತಿರುಗು ಎಂದು ಒಳಗೊಳಗೇ ಬೇಡಿಕೊಂಡಳು. ಹೊನ್ನೇಶನಿಗೆ ಏದುಸಿರು ಬಂತು, ಅವಳಿಗೂ ಬಂತು. ಹುಡುಗ ತಿರುಗಲಿಲ್ಲ.

"ಸಾಕು ಬಿಡವ್ವಾ," ಎಂದಳು ಹನಮಂತವ್ವ. "ಲೋಹಿತನೂ ಎಂದೂ ಹೊಳ್ಳಿ ನೋಡ್ತಿರ್ಲಿಲ್ಲ. ಆ ಸಪ್ಪಳ ಬೇಕಾಗಿದ್ದು ನನಗ. ಅವಗಲ್ಲ."

ಲೋಹಿತನಿಗೆಂದು ತಂದಿದ್ದ ಮೊಸರನ್ನದ ಡಬ್ಬಿಯನ್ನು ಅವಳು ಕಟ್ಟೆಯ ಮೇಲೆ ಕುಳಿತು ಬಿಚ್ಚಿದಳು. ಹುಡುಗ ತಾನೇ ಬಂದು ಪಕ್ಕದಲ್ಲಿ ಕುಳಿತ. ಅವಳು ತುತ್ತಿಡುತ್ತ ಹೋದಳು, ಅವನು ಉಣ್ಣುತ್ತ ಹೋದ. ಇವನನ್ನು ಹೆತ್ತವಳು ಈ ಹೊತ್ತು ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರ ಮಕ್ಕಳ ಮುಖ ನೋಡುತ್ತ ನಿಂತಿದ್ದಾಳೋ ಎಂದು ವಿದ್ಯಾಶ್ರೀಗೆ ಅನ್ನಿಸಿತು. ಡಬ್ಬಿ ಖಾಲಿಯಾಯಿತು. ಬಸ್ಸಿಗೆ ಹೊತ್ತಾಯಿತೆಂದು ಉಡಚಪ್ಪ ಎದ್ದ. ಹನಮಂತವ್ವನೂ ಎದ್ದಳು, ಆದರೆ ಹೆಜ್ಜೆ ಕೀಳಲಾಗಲಿಲ್ಲ. ಹುಡುಗ ಅವಳ ಸೆರಗು ಹಿಡಿದಿದ್ದ.

ಅವಳು ಅವನ ಮುಷ್ಟಿಗೆ ಕೈ ಹಚ್ಚಿದಳು, ತೆಗೆದಳು, ಮತ್ತೆ ಹಚ್ಚಿದಳು.

"ನನ್ನ ಕೈಲೆ ಆಗೂದಿಲ್ಲವ್ವಾ. ನೀ ಬಿಡಸು."

ವಿದ್ಯಾಶ್ರೀ ಸುತ್ತ ನೋಡಿದಳು. ಹೊನ್ನೇಶನ ಕೈಯನ್ನು ಹನಮಂತವ್ವನ ಕೈಯಲ್ಲಿಟ್ಟು ಹುಡುಗನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಒಂದು ಬೆರಳು ಬಿಡಿಸಿದರೆ ಬಿಡಿಸಿದ ಬೆರಳು ಮತ್ತೆ ಮಡಚಿಕೊಳ್ಳುತ್ತಿತ್ತು. ಹುಡುಗ ಅಳಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಕೊನೆಯ ಬೆರಳೂ ಬಿಟ್ಟಿತು. ಹನಮಂತವ್ವ ಹಿಂದೆ ಸರಿದಳು. ವಿದ್ಯಾಶ್ರೀ ಏಳಲು ಹೋದಾಗ ಹುಡುಗ ಅವಳ ಸೆರಗು ಹಿಡಿದಿದ್ದ.